ಓದುವಾಗ ಬಾಯಾಡಿಸಲು ಏನು? ಬಾದಾಮಿಯೋ ಬಿಸ್ಕತ್ತೋ, ಕಾಫಿಯೋ ನಿದ್ದೆಯೋ

ದೊಡ್ಡ ಪರೀಕ್ಷೆ ಹತ್ತಿರ ಬಂದಾಗ ತಿನ್ನುವ ರೀತಿಯೇ ಬದಲಾಗಿಬಿಡುತ್ತದೆ. ಕೆಲವರಿಗೆ ಊಟ ಸೇರುವುದಿಲ್ಲ. ಇನ್ನು ಕೆಲವರ ಕೈ ದಿನವಿಡೀ ಬಿಸ್ಕತ್ತಿನ ಡಬ್ಬಿಯಲ್ಲೇ ಇರುತ್ತದೆ. ನನ್ನದು ಎರಡನೇ ಗುಂಪು. ಒಂದು ಪರೀಕ್ಷೆಗೆ ತಿಂಗಳುಗಟ್ಟಲೆ ಓದುತ್ತಿದ್ದಾಗ ಸುಸ್ತಾದಾಗಲೆಲ್ಲ ಸಿಹಿ ತಿನ್ನುತ್ತಿದ್ದೆ. ತಿಂದ ಒಂದು ಗಂಟೆಗೆ ಮತ್ತೆ ಸುಸ್ತು. ಆಗ ಇನ್ನೊಂದಿಷ್ಟು ಸಿಹಿ. ಓದಿ ಓದಿ ಹೀಗಾಗುತ್ತಿದೆ ಅಂದುಕೊಂಡಿದ್ದೆ. ಅರ್ಧ ಕಾರಣ ಆ ಡಬ್ಬಿಯಲ್ಲೇ ಇತ್ತು ಅಂತ ಗೊತ್ತಾಗಲು ಬಹಳ ದಿನ ಹಿಡಿಯಿತು.

ಅದಕ್ಕೇ ಈ ಹೋಲಿಕೆ ಬರೆಯುತ್ತಿದ್ದೇನೆ. ಇದು ಒಳ್ಳೆಯದು, ಅದು ಕೆಟ್ಟದ್ದು ಅಂತ ಎರಡು ಪಟ್ಟಿ ಮಾಡಿಬಿಡುವುದು ಸುಲಭ. ಓದುವವರಿಗೆ ಅದರಿಂದ ಉಪಯೋಗ ಕಡಿಮೆ. ಬಾಳೆಹಣ್ಣು ಒಂದು ಹೊತ್ತಿಗೆ ಸರಿಹೋಗುತ್ತದೆ, ಇನ್ನೊಂದು ಹೊತ್ತಿಗೆ ಸಾಲುವುದಿಲ್ಲ. ಬೆಳಿಗ್ಗೆ ಕುಡಿದ ಕಾಫಿ ಇವತ್ತಿನ ಓದಿಗೆ ನೆರವಾಗುತ್ತದೆ, ರಾತ್ರಿ ಕುಡಿದದ್ದು ನಾಳೆಯ ಓದನ್ನು ಕೆಡಿಸುತ್ತದೆ. ಮುಂದಿನ ಎರಡು ಗಂಟೆ ನೀವು ಏನು ಮಾಡಬೇಕಾಗಿದೆ ಅನ್ನುವುದನ್ನು ನೋಡಿ ಆರಿಸಬೇಕು.

ಮೊದಲು, ಇದು ಯಾವ ಸುಸ್ತು?

ಓದುವಾಗ ಬರುವ ಸುಸ್ತಿಗೆಲ್ಲ ಹಸಿವೇ ಕಾರಣ ಅಲ್ಲ. ಡಬ್ಬಿ ತೆರೆಯುವ ಮುಂಚೆ ಅರ್ಧ ನಿಮಿಷ ಯೋಚಿಸಿ. ಕೊನೆಯ ಸಲ ತಿಂದು ಮೂರು ನಾಲ್ಕು ಗಂಟೆ ಆಗಿದೆಯಾ? ಹೊಟ್ಟೆ ಚುರುಗುಟ್ಟುತ್ತಿದೆಯಾ? ಹಾಗಾದರೆ ಅದು ಹಸಿವು. ಏನು ಕೊಟ್ಟರೂ ತಿನ್ನುತ್ತೇನೆ ಅನ್ನಿಸಿದರೆ ನಿಜವಾದ ಹಸಿವು. ಚಿಪ್ಸ್ ಮಾತ್ರ ಬೇಕು, ಸೇಬು ಬೇಡ ಅನ್ನಿಸಿದರೆ ಬಹುಪಾಲು ಬಾಯಿ ಚಪಲ, ಇಲ್ಲವೇ ಬೇಸರ.

ಬಾಯಿ ಒಣಗಿದ್ದರೆ, ತಲೆ ಸ್ವಲ್ಪ ಭಾರ ಅನ್ನಿಸುತ್ತಿದ್ದರೆ ಮೊದಲು ನೀರು ಕುಡಿಯಿರಿ. ಕಣ್ಣು ಎಳೆಯುತ್ತಿದ್ದರೆ, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರೆ ಅದು ನಿದ್ದೆ. ಎದೆ ಡವಡವ ಅನ್ನುತ್ತಾ, ಹೊಟ್ಟೆಯಲ್ಲಿ ಏನೋ ತೊಳಸಿದಂತೆ ಆಗುತ್ತಿದ್ದರೆ ಅದು ಭಯ. ಭಯಕ್ಕೆ ತಿಂಡಿ ಔಷಧ ಆಗುವುದಿಲ್ಲ. ಎದ್ದು ಹತ್ತು ನಿಮಿಷ ನಡೆದು ಬಂದರೆ ಆಗುತ್ತದೆ.

ಇನ್ನೊಂದು ವಿಷಯ. ಮಧ್ಯಾಹ್ನ 1ರಿಂದ 4 ಗಂಟೆಯ ನಡುವೆ ಬರುವ ಮಂಪರು ಊಟದಿಂದ ಮಾತ್ರ ಬರುವುದಲ್ಲ. ದೇಹದ ಒಳಗಿನ ಗಡಿಯಾರವೇ ಆ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ. ಊಟ ಬಿಟ್ಟವರಿಗೂ ಅದು ಬರುತ್ತದೆ. ಹೊಟ್ಟೆ ಬಿರಿಯ ಉಂಡರೆ ಇನ್ನೂ ಜಾಸ್ತಿ ಆಗುತ್ತದೆ ಅಷ್ಟೇ. ಹಾಗಾಗಿ ಆ ಹೊತ್ತಿಗೆ ಹೊಸ ಅಧ್ಯಾಯ ಹಿಡಿಯುವ ಬದಲು ಲೆಕ್ಕ ಬಿಡಿಸುವುದು, ಹಳೆಯ ಪ್ರಶ್ನೆಪತ್ರಿಕೆ ಬರೆಯುವುದು, ನಿಂತು ಓದುವುದು ಇಟ್ಟುಕೊಳ್ಳಿ. ಕೈಗೆ ಕೆಲಸ ಇದ್ದರೆ ತೂಕಡಿಕೆ ಅಷ್ಟು ಕಾಡುವುದಿಲ್ಲ.

ತಲೆ ಜಾಸ್ತಿ ಓಡಿದರೆ ಜಾಸ್ತಿ ತಿನ್ನಬೇಕಾ?

ಬೇಡ. ಮೆದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲು. ಆದರೆ ಸುಮ್ಮನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಇದನ್ನು ಕೇಳಿದ ಕೂಡಲೇ "ಹಾಗಾದರೆ ಸಿಹಿ ತಿನ್ನಬೇಕು" ಅನ್ನಿಸುತ್ತದೆ ಅಲ್ವಾ? ಇಲ್ಲೇ ಎಡವುವುದು. ಈ ಖರ್ಚು ನೀವು ಓದಿದರೂ ಇರುತ್ತದೆ, ಮಲಗಿದರೂ ಇರುತ್ತದೆ. ಕಷ್ಟದ ಲೆಕ್ಕ ಬಿಡಿಸುವಾಗ ಏರುವುದು ತೀರಾ ಸ್ವಲ್ಪ. ಮೆದುಳಿಗೆ ಬೇಕಾದ ಗ್ಲೂಕೋಸನ್ನು ದೇಹ ಅನ್ನ, ರೊಟ್ಟಿ, ಹಣ್ಣು, ಕಾಳು ಎಲ್ಲದರಿಂದಲೂ ತೆಗೆದುಕೊಳ್ಳುತ್ತದೆ. ಅದು ಒಂದೇ ಸಲ ನುಗ್ಗದೆ ನಿಧಾನವಾಗಿ, ಬಿಡದೆ ಬರುತ್ತಿರಬೇಕು. ಕೆಳಗಿನ ಹೋಲಿಕೆಯೆಲ್ಲ ನಿಂತಿರುವುದು ಇದರ ಮೇಲೆ.

ಬಿಸ್ಕತ್ತು, ಚಾಕೊಲೇಟ್ ಅಥವಾ ಒಂದು ಹಿಡಿ ಬೀಜ

ಸಿಹಿ ಬಿಸ್ಕತ್ತಿನಲ್ಲಿ ಇರುವುದು ಮೈದಾ, ಸಕ್ಕರೆ, ಎಣ್ಣೆ. ಹೊಟ್ಟೆಗೆ ಹೋದ ಕೂಡಲೇ ಕರಗಿ ರಕ್ತಕ್ಕೆ ಸೇರುತ್ತದೆ. ರಕ್ತದ ಸಕ್ಕರೆ ಬೇಗ ಏರುತ್ತದೆ. ಅದನ್ನು ಇಳಿಸಲು ಇನ್ಸುಲಿನ್ ಬರುತ್ತದೆ, ಸಕ್ಕರೆ ಬೇಗ ಇಳಿಯುತ್ತದೆ. ಮತ್ತೆ ಏನಾದರೂ ತಿನ್ನೋಣ ಅನ್ನಿಸುತ್ತದೆ.

ಸಿಹಿ ತಿಂದರೆ ಚುರುಕು ಬರುತ್ತದೆ ಅನ್ನುವ ನಂಬಿಕೆ ಬಹಳ ಹಳೆಯದು. 2019ರಲ್ಲಿ ಸಂಶೋಧಕರು 31 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದನ್ನು ನೋಡಿದರು. ಅವುಗಳಲ್ಲಿ ಒಟ್ಟು 1,200ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಸಕ್ಕರೆಯಿಂದ ಮನಸ್ಸು ಗೆಲುವಾಗುವುದು ಕಾಣಲಿಲ್ಲ. ಬದಲಿಗೆ ಅರ್ಧ ಗಂಟೆಯೊಳಗೆ ಆಯಾಸ ಜಾಸ್ತಿಯಾಗಿತ್ತು, ಒಂದು ಗಂಟೆಯೊಳಗೆ ಎಚ್ಚರ ಕಡಿಮೆಯಾಗಿತ್ತು. ಇದನ್ನು ಓದಿದ ಮೇಲೆ ನನ್ನ ಹಳೆಯ ದಿನಚರಿ ಅರ್ಥವಾಯಿತು.

ಈಗ ಬಾದಾಮಿ ನೋಡಿ. 28 ಗ್ರಾಂ ಅಂದರೆ ಸುಮಾರು 23 ಬಾದಾಮಿ, ಒಂದು ಹಿಡಿ. ಅದರಲ್ಲಿ 164 ಕ್ಯಾಲೊರಿ, 6 ಗ್ರಾಂ ಪ್ರೋಟೀನ್, ಮೂರೂವರೆ ಗ್ರಾಂ ನಾರು. ಪ್ರೋಟೀನ್, ಕೊಬ್ಬು, ನಾರು ಮೂರೂ ಸೇರಿದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಅಗಿಯಲು ಹೊತ್ತು ಹಿಡಿಯುವುದರಿಂದ ಅಳತೆ ಮೀರುವುದೂ ಕಡಿಮೆ. ಬಾದಾಮಿ ದುಬಾರಿ ಅನ್ನಿಸಿದರೆ ಚಿಂತೆ ಬೇಡ. ಶೇಂಗಾ ಯಾವುದರಲ್ಲೂ ಕಡಿಮೆ ಇಲ್ಲ. ಅಷ್ಟೇ ತೂಕದ ಶೇಂಗಾದಲ್ಲಿ 7 ಗ್ರಾಂ ಪ್ರೋಟೀನ್ ಇದೆ, ಬಾದಾಮಿಗಿಂತ ಒಂದು ಗ್ರಾಂ ಜಾಸ್ತಿಯೇ. ಅಕ್ರೋಟಿನಲ್ಲಿ ಪ್ರೋಟೀನ್ ಸ್ವಲ್ಪ ಕಡಿಮೆ, ಒಮೆಗಾ-3 ಕೊಬ್ಬು ಜಾಸ್ತಿ. ಅದರ ಆಕಾರ ಮೆದುಳಿನ ಹಾಗಿದೆ, ಅದಕ್ಕೇ ಮೆದುಳಿಗೆ ಒಳ್ಳೆಯದು ಅನ್ನುವ ಮಾತನ್ನು ಬಿಟ್ಟುಬಿಡಿ. ಆಕಾರಕ್ಕೂ ಗುಣಕ್ಕೂ ಸಂಬಂಧ ಇಲ್ಲ. ಮೂರರಲ್ಲಿ ನಿಮಗೆ ಯಾವುದು ಇಷ್ಟವೋ, ಯಾವುದು ಸಿಗುತ್ತದೋ ಅದನ್ನೇ ತಿನ್ನಿ.

ಉಪ್ಪು ಸವರಿದ, ಸಕ್ಕರೆ ಲೇಪಿಸಿದ ಬೀಜ ಬೇಡ. ಉಪ್ಪಿರುವುದನ್ನು ನಿಲ್ಲಿಸುವುದು ಕಷ್ಟ. ಪೊಟ್ಟಣವನ್ನೇ ಮೇಜಿನ ಮೇಲೆ ಇಡಬೇಡಿ. ಒಂದು ಹಿಡಿ ಬಟ್ಟಲಿಗೆ ಹಾಕಿಕೊಂಡು ಪೊಟ್ಟಣವನ್ನು ಬೇರೆ ಕೋಣೆಯಲ್ಲಿ ಇಡಿ. ಗುಂಪಿನಲ್ಲಿ ಓದುವವರು ಯಾರಿಗಾದರೂ ಬೀಜದ ಅಲರ್ಜಿ ಇದೆಯಾ ಅಂತ ಕೇಳಿಕೊಳ್ಳಿ. ಶೇಂಗಾ ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೇ ತೊಂದರೆ.

ಚಾಕೊಲೇಟ್ ಪೂರ್ತಿ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಕಷ್ಟದ ದಿನಗಳಲ್ಲಿ ಇಷ್ಟದ ರುಚಿಯೂ ಬೇಕು. ಹಾಲಿನ ಚಾಕೊಲೇಟಿಗಿಂತ ಕಪ್ಪು ಚಾಕೊಲೇಟ್ ಮೇಲು. ಕೋಕೋ ನೂರಕ್ಕೆ 70ಕ್ಕಿಂತ ಜಾಸ್ತಿ ಇರುವ 28 ಗ್ರಾಂ ತುಂಡಿನಲ್ಲಿ ಸುಮಾರು 7 ಗ್ರಾಂ ಸಕ್ಕರೆ ಇರುತ್ತದೆ. ಹಾಲಿನದರಲ್ಲಿ ಅದರ ಎರಡರಷ್ಟು. ಕಪ್ಪು ಚಾಕೊಲೇಟಿನಲ್ಲಿ ಕೆಫೀನ್ ಕೂಡ ಇದೆ, 28 ಗ್ರಾಂಗೆ ಸುಮಾರು 23 ಮಿಲಿಗ್ರಾಂ. ಹಾಗಾಗಿ ಮಲಗುವ ಮುಂಚೆ ಬೇಡ. ಊಟವಾದ ಮೇಲೆ ಎರಡು ತುಂಡು ತಿಂದರೆ ತೃಪ್ತಿಯೂ ಆಗುತ್ತದೆ, ಖಾಲಿ ಹೊಟ್ಟೆಗೆ ಸಕ್ಕರೆ ಬಿದ್ದ ಹಾಗೂ ಆಗುವುದಿಲ್ಲ.

ಹಣ್ಣು, ಜ್ಯೂಸ್, ಖರ್ಜೂರ

ಹಣ್ಣಿನಲ್ಲೂ ಸಕ್ಕರೆ ಇದೆಯಲ್ಲ, ಬಿಸ್ಕತ್ತಿಗೂ ಅದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ನಾರಿನಲ್ಲಿ, ನೀರಿನಲ್ಲಿ.

ಒಂದು ಕಿತ್ತಳೆಯಲ್ಲಿ ಸುಮಾರು 12 ಗ್ರಾಂ ಸಕ್ಕರೆ, 3 ಗ್ರಾಂ ನಾರು. ಒಂದು ಲೋಟ, ಅಂದರೆ 240 ಮಿಲಿ ಲೀಟರ್ ಕಿತ್ತಳೆ ಜ್ಯೂಸಿನಲ್ಲಿ ಸಕ್ಕರೆ 21 ಗ್ರಾಂ, ನಾರು ಅರ್ಧ ಗ್ರಾಂ. ಅದೂ ಸಕ್ಕರೆ ಬೆರೆಸದ ಜ್ಯೂಸಿನ ಲೆಕ್ಕ. ಹಣ್ಣು ತಿನ್ನಲು ಐದು ನಿಮಿಷ ಬೇಕು, ಜ್ಯೂಸ್ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಓದುವವರಿಗೆ ಹಣ್ಣೇ ಸರಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇನ್ನು ಬಾಳೆಹಣ್ಣೋ ಸೇಬೋ? ಇಲ್ಲಿ ಗ್ಲೈಸೆಮಿಕ್ ಇಂಡೆಕ್ಸ್ ಅನ್ನುವ ಅಳತೆ ಸಹಾಯಕ್ಕೆ ಬರುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಗಾರರು 1981ರಲ್ಲಿ ಇದನ್ನು ಮುಂದಿಟ್ಟರು. ಗ್ಲೂಕೋಸನ್ನು 100 ಅಂತ ಇಟ್ಟುಕೊಂಡು, ಉಳಿದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ನೋಡುವುದು. ಬಿಳಿ ಬ್ರೆಡ್ ಸುಮಾರು 75. ಬಾಳೆಹಣ್ಣು 51ರ ಆಸುಪಾಸು. ಸೇಬು 36. ಬೇಯಿಸಿದ ಕಡಲೆಕಾಳು 28. ಅಂದರೆ ಸೇಬು ನಿಧಾನ, ಬಾಳೆ ಸ್ವಲ್ಪ ಬೇಗ. ಹಣ್ಣಾಗಿ ಚುಕ್ಕೆ ಬಿದ್ದ ಬಾಳೆ ಇನ್ನೂ ಬೇಗ. ಕಾಯಿಯಲ್ಲಿದ್ದ ಪಿಷ್ಟವೆಲ್ಲ ಅಷ್ಟು ಹೊತ್ತಿಗೆ ಸಕ್ಕರೆಯಾಗಿರುತ್ತದೆ.

ಹಾಗಂತ ಸೇಬೇ ಗೆದ್ದಿತು ಅಂತ ತೀರ್ಮಾನ ಮಾಡಬೇಡಿ. ಹಸಿದು ಬಂದಿದ್ದೀರಿ, ಹತ್ತು ನಿಮಿಷದಲ್ಲಿ ತರಗತಿ ಇದೆ, ಆಗ ಬಾಳೆಹಣ್ಣೇ ಬೇಕು. ಮೆತ್ತಗಿದೆ, ಬೇಗ ಹೊಟ್ಟೆ ತುಂಬುತ್ತದೆ, ಸುಮಾರು 105 ಕ್ಯಾಲೊರಿ ಕೊಡುತ್ತದೆ. ಭಯದಿಂದ ಊಟ ಸೇರದವರಿಗೂ ಅದು ಸುಲಭವಾಗಿ ಇಳಿಯುತ್ತದೆ. ಎರಡು ಗಂಟೆ ಒಂದೇ ಕಡೆ ಕೂತು ಓದಬೇಕಿದ್ದರೆ ಸೇಬು ಮೇಲು. ಎರಡರ ಜೊತೆಗೂ ನಾಲ್ಕು ಶೇಂಗಾ ಬೀಜ ಸೇರಿಸಿದರೆ ಇನ್ನೂ ಹೊತ್ತು ತಡೆಯುತ್ತದೆ.

ಖರ್ಜೂರದ ಬಗ್ಗೆ ಒಂದು ಎಚ್ಚರಿಕೆ. ಒಳ್ಳೆಯ ಹಣ್ಣು, ಸಂಶಯವಿಲ್ಲ. ಆದರೆ ದೊಡ್ಡ ಜಾತಿಯ ಒಂದೇ ಖರ್ಜೂರದಲ್ಲಿ 16 ಗ್ರಾಂ ಸಕ್ಕರೆ ಇರುತ್ತದೆ. ಎರಡು ಸಾಕು. ಒಣದ್ರಾಕ್ಷಿಗೂ ಇದೇ ಮಾತು. ಒಣಗಿದಾಗ ನೀರು ಹೋಗಿ ಸಕ್ಕರೆ ಉಳಿಯುತ್ತದೆ, ಬಾಯಿಗೆ ಮಾತ್ರ ಅದು ಗೊತ್ತಾಗುವುದಿಲ್ಲ.

ಊಟಕ್ಕೆ ಇನ್ನೂ ಮೂರು ಗಂಟೆ ಇದ್ದರೆ

ಆಗ ಹಣ್ಣು ಸಾಲುವುದಿಲ್ಲ. ಮೊಟ್ಟೆ, ಮೊಸರು, ಕಡಲೆಕಾಳು, ಓಟ್ಸ್ ಈ ನಾಲ್ಕರಲ್ಲಿ ಒಂದನ್ನು ಆರಿಸಿ.

ಬೇಯಿಸಿದ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 78 ಕ್ಯಾಲೊರಿ. ಇಷ್ಟು ಚಿಕ್ಕದರಲ್ಲಿ ಇಷ್ಟು ಹೊತ್ತು ಹೊಟ್ಟೆ ತಡೆಯುವ ತಿಂಡಿ ಬೇರೆ ಕಡಿಮೆ. ಅದರ ಹಳದಿಯಲ್ಲಿ ಕೋಲಿನ್ ಅನ್ನುವ ಪೋಷಕಾಂಶ ಇದೆ. ನೆನಪಿಗೆ ಸಂಬಂಧಪಟ್ಟ ಒಂದು ರಾಸಾಯನಿಕವನ್ನು ಮಾಡಲು ಮೆದುಳು ಅದನ್ನು ಬಳಸುತ್ತದೆ. ಮೊಟ್ಟೆ ತಿಂದ ಮಾರನೇ ದಿನ ನೆನಪಿನ ಶಕ್ತಿ ಏರುತ್ತದೆ ಅಂತ ಅರ್ಥ ಅಲ್ಲ. ಅಂಥ ಆಸೆ ಹುಟ್ಟಿಸುವ ಯಾವ ಮಾತನ್ನೂ ನಂಬಬೇಡಿ. ಬೇಯಿಸಿದ ಮೊಟ್ಟೆಯನ್ನು ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಬೆಳಿಗ್ಗೆ ಚೀಲಕ್ಕೆ ಹಾಕಿ ಸಂಜೆ ತಿನ್ನುವ ತಿಂಡಿ ಅದಲ್ಲ.

ಮೊಸರಿನಲ್ಲಿ ಸಾದಾ ಮೊಸರನ್ನೇ ಆರಿಸಿ. ಹಣ್ಣಿನ ಚಿತ್ರ ಇರುವ ಸಿಹಿ ಮೊಸರಿನ ಕಪ್ಪುಗಳಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ ಇರಬಹುದು. ಸಾದಾ ಮೊಸರಿಗೆ ನೀವೇ ಹಣ್ಣು ಹೆಚ್ಚಿ ಹಾಕಿಕೊಳ್ಳಿ. ನೀರು ಸೋಸಿದ ಗಟ್ಟಿ ಮೊಸರು ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಪ್ರೋಟೀನ್ ಸುಮಾರು ಎರಡರಷ್ಟು ಇರುತ್ತದೆ.

ಬೇಯಿಸಿದ ಕಡಲೆಕಾಳು ಅರ್ಧ ಬಟ್ಟಲಿಗೆ 7 ಗ್ರಾಂ ಪ್ರೋಟೀನ್, 6 ಗ್ರಾಂ ನಾರು ಕೊಡುತ್ತದೆ. ಮೊಟ್ಟೆ ತಿನ್ನದವರಿಗೆ ನನ್ನ ಮೊದಲ ಸಲಹೆ ಇದೇ. ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅಭ್ಯಾಸ ಇಲ್ಲದವರು ಪರೀಕ್ಷೆಯ ವಾರದಲ್ಲಿ ಶುರು ಮಾಡಬೇಡಿ.

ಓಟ್ಸ್ ಎಲ್ಲವೂ ಒಂದೇ ಅಲ್ಲ. ದಪ್ಪ ಅವಲಕ್ಕಿಯ ಹಾಗೆ ಕಾಣುವ ಓಟ್ಸಿನ ಗ್ಲೈಸೆಮಿಕ್ ಇಂಡೆಕ್ಸ್ ಸುಮಾರು 55. ಬಿಸಿನೀರು ಹಾಕಿದ ಕೂಡಲೇ ಆಗಿಬಿಡುವ ಇನ್‌ಸ್ಟೆಂಟ್ ಓಟ್ಸಿನದು 79ರ ಹತ್ತಿರ, ಬಿಳಿ ಬ್ರೆಡ್ಡಿಗಿಂತಲೂ ಮೇಲೆ. ಐದು ನಿಮಿಷ ಉಳಿಸಲು ಹೋಗಿ ಓಟ್ಸಿನ ಒಳ್ಳೆಯ ಗುಣವನ್ನೇ ಕಳೆದುಕೊಳ್ಳುತ್ತೇವೆ.

ಎನರ್ಜಿ ಬಾರ್, ಪ್ರೋಟೀನ್ ಬಾರ್‌ಗಳ ವಿಷಯದಲ್ಲಿ ಮುಂಭಾಗದ ದೊಡ್ಡ ಅಕ್ಷರ ಓದಬೇಡಿ, ಹಿಂಭಾಗದ ಚಿಕ್ಕ ಅಕ್ಷರ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಸಕ್ಕರೆ, ಸಿರಪ್, ಜೇನು, ಡೆಕ್ಸ್‌ಟ್ರೋಸ್ ಇವುಗಳಲ್ಲಿ ಯಾವುದಾದರೂ ಮೊದಲ ಮೂರರಲ್ಲಿ ಇದ್ದರೆ ಅದು ಬೆಲೆ ಜಾಸ್ತಿಯಾದ ಬಿಸ್ಕತ್ತು.

ಕುರುಕಲು ಬೇಕೇ ಬೇಕು ಅನ್ನುವವರಿಗೆ

ಆತಂಕ ಆದಾಗ ಏನಾದರೂ ಕರುಂ ಕುರುಂ ಅಂತ ಅಗಿಯೋಣ ಅನ್ನಿಸುವುದು ಸಹಜ. ಅದನ್ನು ತಡೆಯಲು ಹೋಗಬೇಡಿ, ಬೇರೆಯದನ್ನು ಕೊಡಿ. 28 ಗ್ರಾಂ ಆಲೂಗೆಡ್ಡೆ ಚಿಪ್ಸ್ ಅಂದರೆ 152 ಕ್ಯಾಲೊರಿ, 10 ಗ್ರಾಂ ಕೊಬ್ಬು. ಅದು ಹತ್ತು ಹದಿನೈದು ತುಂಡು ಮಾತ್ರ. ಅಷ್ಟಕ್ಕೇ ನಿಲ್ಲಿಸುವವರನ್ನು ನಾನಂತೂ ನೋಡಿಲ್ಲ. ಎಣ್ಣೆ ಹಾಕದೆ ಅರಳಿಸಿದ ಪಾಪ್‌ಕಾರ್ನ್ ಮೂರು ಕಪ್ ತಿಂದರೂ 93 ಕ್ಯಾಲೊರಿ, ಮೂರೂವರೆ ಗ್ರಾಂ ನಾರು. ಬೆಣ್ಣೆ ಸುರಿದರೆ ಈ ಲೆಕ್ಕ ಹೋಯಿತು. ಕ್ಯಾರೆಟ್, ಸೌತೆಕಾಯಿ ಉದ್ದಕ್ಕೆ ಹೆಚ್ಚಿಟ್ಟುಕೊಂಡರೂ ಆಗುತ್ತದೆ. ಅವುಗಳಿಂದ ಶಕ್ತಿ ಅಷ್ಟಾಗಿ ಬರುವುದಿಲ್ಲ, ಬಾಯಿಗೆ ಕೆಲಸ ಸಿಗುತ್ತದೆ. ಆ ಹೊತ್ತಿಗೆ ಬೇಕಿದ್ದದ್ದೂ ಅದೇ.

ಕಾಫಿ, ಟೀ, ಎನರ್ಜಿ ಡ್ರಿಂಕ್

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪರೀಕ್ಷೆಯ ದಿನಗಳಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ.

ನಾವು ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ಕೂಡಿದಷ್ಟೂ ನಿದ್ದೆ ಎಳೆಯುತ್ತದೆ. ಕೆಫೀನ್ ಹೋಗಿ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಆಗ ಸುಸ್ತು ಗೊತ್ತಾಗುವುದಿಲ್ಲ. ಸುಸ್ತು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಕೆಫೀನ್ ಇಳಿದಾಗ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬಂದು ಕೂರುತ್ತದೆ.

ಒಂದು ಕಪ್, ಅಂದರೆ 240 ಮಿಲಿ ಲೀಟರ್ ಸೋಸಿದ ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಷ್ಟೇ ಅಳತೆಯ ಬ್ಲ್ಯಾಕ್ ಟೀಯಲ್ಲಿ 47, ಗ್ರೀನ್ ಟೀಯಲ್ಲಿ 28ರ ಆಸುಪಾಸು. 250 ಮಿಲಿ ಲೀಟರಿನ ಎನರ್ಜಿ ಡ್ರಿಂಕಿನಲ್ಲಿ ಸಾಮಾನ್ಯವಾಗಿ 80. ಪುಡಿ, ಕುದಿಸುವ ಹೊತ್ತು ಇವುಗಳಿಂದ ಹೆಚ್ಚು ಕಡಿಮೆ ಆಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯಾದ ಎಫ್‌ಡಿಎ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎರಡೂ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಅನ್ನುತ್ತವೆ. ಒಂದೇ ಸಲಕ್ಕೆ 200 ಮೀರಬಾರದು ಅಂತ ಯುರೋಪಿನ ಸಂಸ್ಥೆ 2015ರಲ್ಲಿ ಹೇಳಿದೆ. ಹದಿನೆಂಟರ ಒಳಗಿನವರಿಗೆ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಅನ್ನುವುದು ಅದೇ ಸಂಸ್ಥೆಯ ಲೆಕ್ಕ. 50 ಕಿಲೋ ತೂಕದ ಹುಡುಗ ಹುಡುಗಿಯರಿಗೆ 150 ಆಯಿತು, ಒಂದೂವರೆ ಕಪ್ ಕಾಫಿ.

ಇನ್ನು ಹೊತ್ತಿನ ವಿಷಯ. ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಫೀನ್ ರಕ್ತದಲ್ಲಿ ಪೂರ್ತಿ ಏರಿರುತ್ತದೆ. ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ಸಂಜೆ 6ಕ್ಕೆ ಒಂದು ಕಪ್ ಕಾಫಿ ಕುಡಿದರೆ ರಾತ್ರಿ 11ಕ್ಕೂ ಅದರ ಅರ್ಧ ಮೈಯಲ್ಲಿ ಇರುತ್ತದೆ. ಹಾಸಿಗೆಗೆ ಹೋಗುವಾಗ ಒಂದು ಕಪ್ ಟೀ ಕುಡಿದು ಹೋದ ಲೆಕ್ಕ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇಳಿಯಲು ಸುಮಾರು ಎರಡರಷ್ಟು ಹೊತ್ತು ಹಿಡಿಯುತ್ತದೆ. 2013ರ ಒಂದು ಅಧ್ಯಯನದಲ್ಲಿ ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು. "ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ" ಅನ್ನುವವರು ಬಹಳ ಜನ. ನಿದ್ದೆ ಬರುತ್ತದೆ, ಆದರೆ ಅದು ಮೊದಲಿನಷ್ಟು ಗಾಢವಾಗಿರುವುದಿಲ್ಲ.

ಹಾಗಾದರೆ ಯಾವುದು? ಬೆಳಿಗ್ಗೆ ಓದಿಗೆ ಕಾಫಿ ಸರಿ. ಮಧ್ಯಾಹ್ನ ಕಳೆದ ಮೇಲೆ ಕಾಫಿ ನಿಲ್ಲಿಸಿ, ಬೇಕಿದ್ದರೆ ಒಂದು ಕಪ್ ತೆಳು ಟೀ. ಕೈ ನಡುಗುವವರು, ಎದೆಬಡಿತ ಜಾಸ್ತಿಯಾಗುವವರು ಕಾಫಿಯ ಬದಲು ಟೀಗೆ ಬನ್ನಿ. ಪರೀಕ್ಷೆಯ ಭಯದಿಂದ ಆಗುವ ತೊಂದರೆಯೂ, ಕೆಫೀನ್ ಜಾಸ್ತಿಯಾಗಿ ಆಗುವ ತೊಂದರೆಯೂ ಒಂದೇ ಥರ ಇರುತ್ತವೆ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದೂ ಹಗುರ ಅನ್ನಿಸುತ್ತದೆ. ಊಟದ ಜೊತೆಗೇ ಕಾಫಿ ಟೀ ಬೇಡ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರದಂತೆ ಅವು ಅಡ್ಡಿ ಮಾಡುತ್ತವೆ. ಕಬ್ಬಿಣಾಂಶ ಕಡಿಮೆಯಾದರೂ ಸದಾ ಸುಸ್ತು ಇರುತ್ತದೆ. ಒಂದು ಗಂಟೆ ಬಿಟ್ಟು ಕುಡಿದರೆ ಸಾಕು.

ಎನರ್ಜಿ ಡ್ರಿಂಕನ್ನು ನಾನು ಯಾರಿಗೂ ಹೇಳುವುದಿಲ್ಲ. ಕೆಫೀನ್ ಲೆಕ್ಕದಲ್ಲಿ ಅದು ಕಾಫಿಗಿಂತ ದೊಡ್ಡದೇನಲ್ಲ. ಆದರೆ 250 ಮಿಲಿ ಲೀಟರಿಗೆ 27 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ, ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಅಂದಿದೆ. ಇಡೀ ದಿನದ್ದು ಒಂದೇ ಡಬ್ಬಿಯಲ್ಲಿ ಮುಗಿಯಿತು. ತಣ್ಣಗೆ, ಸಿಹಿಯಾಗಿ ಇರುವುದರಿಂದ ಬೇಗ ಕುಡಿದು ಇನ್ನೊಂದು ತೆರೆಯುತ್ತಾರೆ. ಬಿಸಿ ಕಾಫಿಯನ್ನು ಹಾಗೆ ಕುಡಿಯಲು ಆಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ, ಮಕ್ಕಳ ಮತ್ತು ಹದಿಹರೆಯದವರ ಆಹಾರದಲ್ಲಿ ಇದಕ್ಕೆ ಜಾಗವಿಲ್ಲ ಅಂತ ಹೇಳಿತು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ನೀರಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಬಾಟಲಿ ಮೇಜಿನ ಮೇಲಿರಲಿ. ದೇಹದ ತೂಕದ ನೂರಕ್ಕೆ ಎರಡು ಪಾಲು ನೀರು ಕಡಿಮೆಯಾದರೂ ಗಮನ ಕದಡುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ, ಗಾಢ ಹಳದಿ ಇದ್ದರೆ ಸಾಲದು.

ಇನ್ನೊಂದು ಕಪ್ ಅಥವಾ ಹದಿನೈದು ನಿಮಿಷದ ನಿದ್ದೆ

ರಾತ್ರಿ 12 ಗಂಟೆ. ಇನ್ನೂ ಎರಡು ಅಧ್ಯಾಯ ಬಾಕಿ. ಇಲ್ಲಿ ಯಾವ ತಿಂಡಿಯನ್ನೂ ನಾನು ಹೇಳಲಾರೆ. ಮಲಗಿ ಅಂತ ಮಾತ್ರ ಹೇಳುತ್ತೇನೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದಿದರೆ ಹೊಸದು ನಿಲ್ಲುವುದಿಲ್ಲ, ಹಳೆಯದು ಸರಿಯಾಗಿ ಕೂರುವುದಿಲ್ಲ. 1997ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ 17 ಗಂಟೆ ಎಡೆಬಿಡದೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಬೆಳಿಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 11ಕ್ಕೆ 17 ಗಂಟೆ ತುಂಬುತ್ತದೆ.

ಹಸಿವಿನಿಂದ ನಿದ್ದೆ ಬರುತ್ತಿಲ್ಲ ಅಂದರೆ ಒಂದು ಲೋಟ ಬೆಚ್ಚಗಿನ ಹಾಲೋ ಒಂದು ಬಾಳೆಹಣ್ಣೋ ಸಾಕು. ಖಾರ, ಎಣ್ಣೆ ಜಾಸ್ತಿ ಇರುವುದು ಬೇಡ. ಮಲಗಿದಾಗ ಎದೆ ಉರಿಯುತ್ತದೆ.

ಹಗಲಿನ ತೂಕಡಿಕೆಗೆ ಒಂದು ಒಳ್ಳೆಯ ಉಪಾಯ ಇದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ನಿದ್ದೆ ತೂಗುವ ಚಾಲಕರ ಮೇಲೆ 1990ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಒಂದು ಕಪ್ ಕಾಫಿ ಕುಡಿದ ಕೂಡಲೇ 15 ನಿಮಿಷ ಕಣ್ಣು ಮುಚ್ಚುವುದು. ಕೆಫೀನ್ ಏರುವ ಹೊತ್ತಿಗೆ ನಿದ್ದೆಯೂ ಮುಗಿದಿರುತ್ತದೆ, ಎರಡರ ಲಾಭವೂ ಸಿಗುತ್ತದೆ. ಪೂರ್ತಿ ನಿದ್ದೆ ಬರದಿದ್ದರೂ ಪರವಾಗಿಲ್ಲ, ಮಂಪರು ಬಂದರೆ ಸಾಕು. ಅಲಾರಂ ಇಟ್ಟುಕೊಳ್ಳಿ. ಅರ್ಧ ಗಂಟೆ ಮೀರಿದರೆ ಎದ್ದ ಮೇಲೆ ತಲೆ ಇನ್ನಷ್ಟು ಮಂಕಾಗುತ್ತದೆ. ಮಧ್ಯಾಹ್ನ 3ರೊಳಗೆ ಮುಗಿಸಿ, ಇಲ್ಲದಿದ್ದರೆ ರಾತ್ರಿ ನಿದ್ದೆ ಕೆಡುತ್ತದೆ.

ಪರೀಕ್ಷೆಯ ದಿನ

ಇವತ್ತು ಹೊಸದು ಏನೂ ಬೇಡ. ಯಾರೋ ಒಳ್ಳೆಯದು ಅಂದರು ಅಂತ ಹೊಸ ಪಾನೀಯ, ಹೊಸ ಬಾರ್, ದಿನಾ ಕುಡಿಯದ ಕಾಫಿ ಯಾವುದೂ ಬೇಡ. ಭಯದ ಹೊತ್ತಿನಲ್ಲಿ ಹೊಟ್ಟೆ ಮೊದಲೇ ಸೂಕ್ಷ್ಮವಾಗಿರುತ್ತದೆ. ದಿನಾ ಕಾಫಿ ಕುಡಿಯುವವರು ಇವತ್ತು ಬಿಡಬೇಡಿ, ಬಿಟ್ಟರೆ ತಲೆನೋವು ಬರುತ್ತದೆ. ಎರಡು ಕಪ್ ಇದ್ದದ್ದನ್ನು ನಾಲ್ಕು ಮಾಡಲೂ ಬೇಡ.

ಎರಡು ಮೂರು ಗಂಟೆ ಮುಂಚೆ ದಿನಾ ತಿನ್ನುವುದನ್ನೇ, ಸ್ವಲ್ಪ ಕಡಿಮೆ ತಿನ್ನಿ. ಊಟ ಸೇರುತ್ತಿಲ್ಲ ಅಂದರೆ ಬಲವಂತ ಬೇಡ. ಅರ್ಧ ಬಾಳೆಹಣ್ಣು ಈಗ, ಅರ್ಧ ಇನ್ನೊಂದು ಗಂಟೆಗೆ. ಮೊಸರು, ಹಾಲು ಹೀಗೆ ಅಗಿಯಬೇಕಿಲ್ಲದ್ದು ಸುಲಭವಾಗಿ ಇಳಿಯುತ್ತದೆ. ನೀರನ್ನು ಬೆಳಿಗ್ಗೆಯಿಂದ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಒಳಗೆ ಹೋಗುವ ಐದು ನಿಮಿಷ ಮುಂಚೆ ಇಡೀ ಬಾಟಲಿ ಖಾಲಿ ಮಾಡಿದರೆ ಪರೀಕ್ಷೆಯ ಮಧ್ಯೆ ಎದ್ದು ಹೋಗಬೇಕಾಗುತ್ತದೆ. ಮಧುಮೇಹ ಇರುವವರು ಏನನ್ನು ಜೊತೆಗೆ ಇಟ್ಟುಕೊಳ್ಳಬೇಕು ಅಂತ ವೈದ್ಯರನ್ನು ಕೇಳಿ, ಪರೀಕ್ಷೆ ನಡೆಸುವವರ ಒಪ್ಪಿಗೆಯನ್ನು ಮೊದಲೇ ತೆಗೆದುಕೊಂಡಿರಿ.

ಎರಡು ಪತ್ರಿಕೆಗಳ ನಡುವೆ ಬಿಡುವು ಇದ್ದರೆ ಚೀಲದಲ್ಲಿ ಒಂದು ಸೇಬು, ಒಂದು ಹಿಡಿ ಬೀಜ, ನೀರು ಇರಲಿ. ಇವು ಕೆಡುವುದಿಲ್ಲ, ಕೈಗೆ ಅಂಟುವುದಿಲ್ಲ. ಹಿಂದಿನ ರಾತ್ರಿಯೇ ಕಟ್ಟಿಡಿ. ಪೆನ್ನು, ಪ್ರವೇಶಪತ್ರ ಇಡುವ ಜಾಗದಲ್ಲೇ ಇಟ್ಟರೆ ಬೆಳಿಗ್ಗೆ ಗಡಿಬಿಡಿಯಲ್ಲಿ ಮರೆಯುವುದಿಲ್ಲ.